ಅಯಸ್ಕಾಂತದೊಳಗಣ ಅಲೆಗಳು

ಕೋಲಾರ ತಾಲ್ಲೂಕಿನ ವೇಮಗಲ್ಲಿನ ಸುತ್ತ ರಾಗಿಯ ಪೈರು ತೆನೆಬಿಟ್ಟು ನಿಂತಿರುವ ಕಾಲದಲ್ಲಿ ಹೊಲದ ಬದುವಿನ ಮೇಲೆ ನಿಂತು ನೋಡಿದವರಿಗೆಲ್ಲ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಗಾಳಿ ಬೀಸಿದೊಡನೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಅಲೆ ಓಡಿಹೋಗುತ್ತದೆ. ಓಡಿದುದು ಏನು? ಒಂದು ಪೈರೂ ತನ್ನ ಬುಡವನ್ನು ಬಿಟ್ಟು ಕದಲಲಿಲ್ಲ. ಪ್ರತಿಯೊಂದು ತೆನೆಯೂ ನಿಂತಲ್ಲಿಯೇ ಬಾಗಿ ನಿಂತಲ್ಲಿಯೇ ಎದ್ದಿತು. ಆದರೂ ಏನೋ ಒಂದು ಹೊಲವನ್ನು ದಾಟಿತು. ಬಾಗುವಿಕೆಯ ಸಮಾಚಾರ ದಾಟಿತೆನ್ನೋಣ.

ಇದೇ ವೇಮಗಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಸಂಸ್ಥೆಯವರು ಜೋಡಿಸಿ ಪರೀಕ್ಷಿಸಿದ ಟಿಸ್ಯಾಟ್-1ಎ ಎಂಬ ಉಪಗ್ರಹವು 2024ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಿಂದ ರಾಕೆಟ್ಟನ್ನೇರಿ ಕಕ್ಷೆಯನ್ನು ಸೇರಿತು. ನೆರೆಯ ನರಸಾಪುರದಲ್ಲಿ ಮೊಬೈಲ್ ದೂರವಾಣಿಗಳು ತಯಾರಾಗುತ್ತಿವೆ. ಭೂಮಿಯನ್ನು ನೋಡುವ ಉಪಗ್ರಹವಾಗಲಿ, ನಮ್ಮ ಜೇಬಿನಲ್ಲಿರುವ ದೂರವಾಣಿಯಾಗಲಿ, ಒಳಗೆ ಮಾಡುವ ಕೆಲಸ ಒಂದೇ: ಸಮಾಚಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು, ಒಂದನ್ನು ಇನ್ನೊಂದರೊಡನೆ ಕೂಡಿಸಿ ನೋಡುವುದು. ಆದರೆ ಇಲ್ಲಿನ ಕ್ರಮ ರಾಗಿಯ ಹೊಲದ ಕ್ರಮವಲ್ಲ. ಇಲ್ಲಿ ಸಮಾಚಾರ ಸಾಗಬೇಕಾದರೆ ಎಲೆಕ್ಟ್ರಾನುಗಳೇ ತಂತಿಯೊಳಗೆ ಸಾಗಬೇಕು. ಅವು ಸಾಗುವಾಗ ಲೋಹದ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತವೆ. ಢಿಕ್ಕಿಯ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಹೆಚ್ಚು ಹೊತ್ತು ಮಾತನಾಡಿದ ದೂರವಾಣಿ ಕಿವಿಗೆ ಬೆಚ್ಚಗಾಗುವುದು ಇದರಿಂದಲೇ.

ರಾಗಿಯ ತೆನೆಗಳಂತೆ ಎಲ್ಲವೂ ನಿಂತಲ್ಲಿಯೇ ನಿಂತು, ಬರಿಯ ಬಾಗುವಿಕೆ ಮಾತ್ರ ಮುಂದೆ ಸಾಗುವಂತಹ ಉಪಾಯವೊಂದು ದೊರೆಯಲಾರದೆ? ಅಂತಹ ಅಲೆಯೊಂದು ಅಯಸ್ಕಾಂತದ ಒಡಲಿನಲ್ಲಿ ಇದ್ದೇ ಇದೆ. ಅದಕ್ಕೆ ಸ್ಪಿನ್ ತರಂಗವೆಂದು ಹೆಸರು. ಅದನ್ನು ಓಲೆಕಾರನನ್ನಾಗಿ ದುಡಿಸಿಕೊಳ್ಳಲು ಇಂದು ಹಲವು ದೇಶಗಳ ಪ್ರಯೋಗಶಾಲೆಗಳು ಶ್ರಮಿಸುತ್ತಿವೆ. ಆ ಅಲೆ ಎಂತಹುದು, ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ತಂತಿಯು ಕೇಳುವ ಸುಂಕ

ತಂತಿಯಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುವ ವಿಷಯ ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುತ್ತನ್ನು ತಂದಾಗ ಎಂಜಿನಿಯರುಗಳು ಎದುರಿಸಬೇಕಾದ ಮೊದಲ ಪ್ರಶ್ನೆ ಅದೇ. ಪ್ರವಾಹ ಇಮ್ಮಡಿಯಾದರೆ ತಂತಿಯ ಶಾಖ ನಾಲ್ಮಡಿಯಾಗುತ್ತದೆ. ಆದುದರಿಂದ ಪ್ರವಾಹವನ್ನು ಕಡಿಮೆ ಮಾಡಿ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಅವರು ಸುಂಕವನ್ನು ತಪ್ಪಿಸಿಕೊಂಡರು. ಇಂದಿಗೂ ದೂರದ ವಿದ್ಯುತ್ ಸಾಗಣೆಯೆಲ್ಲ ಇದೇ ಉಪಾಯದಿಂದ ನಡೆಯುತ್ತಿದೆ.

ಗಣಕಯಂತ್ರದ ಒಳಗೆ ಈ ಉಪಾಯ ನಡೆಯದು. ಅಲ್ಲಿಯ ಬಿಲ್ಲೆಗಳಲ್ಲಿ ಕೆಲವು ಪದರಗಳ ದಪ್ಪ ಕೆಲವೇ ನ್ಯಾನೊಮೀಟರು. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ನ್ಯಾನೊಮೀಟರೆಂದು ಹೆಸರು. ವೋಲ್ಟೇಜನ್ನು ಏರಿಸಿದರೆ ಇಂತಹ ಪದರ ತೂತುಬೀಳುತ್ತದೆ. ಆದಕಾರಣ ಸುಮಾರು ಒಂದು ವೋಲ್ಟಿನಲ್ಲಿಯೇ ಎಲ್ಲ ವ್ಯವಹಾರವೂ ನಡೆಯಬೇಕು. ಒಂದು ಬಿಲ್ಲೆಯಲ್ಲಿ ಸಾವಿರ ಕೋಟಿಗೂ ಮೀರಿ ಟ್ರಾನ್ಸಿಸ್ಟರುಗಳಿರುವುದು ಈಗ ಸಾಮಾನ್ಯ. ಇವುಗಳ ನಡುವಣ ತಂತಿಗಳಲ್ಲಿ ‘ಒಂದು’ ಎಂಬುದನ್ನು ಹೇಳಲು ವಿದ್ಯುದಾವೇಶವನ್ನು ತುಂಬಬೇಕು, ‘ಸೊನ್ನೆ’ ಎಂಬುದನ್ನು ಹೇಳಲು ಅದನ್ನು ಬರಿದು ಮಾಡಬೇಕು. ಹೇಳುವ ಮಾತಿಗೊಮ್ಮೆ ಒಂದು ಕೊಡ ನೀರನ್ನು ತುಂಬಿ ಚೆಲ್ಲಿದಂತಾಯಿತು. ಹೀಗೆ ಸೆಕೆಂಡಿಗೆ ಕೋಟ್ಯಂತರ ಸಲ.

ಚೆಲ್ಲಿದುದರ ಮೊತ್ತ ಸಣ್ಣದಲ್ಲ. 2024ರಲ್ಲಿ ಪ್ರಪಂಚದ ದತ್ತಾಂಶ ಕೇಂದ್ರಗಳೆಲ್ಲವೂ ಸೇರಿ ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದುವೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆ ಲೆಕ್ಕ ಹಾಕಿದೆ. ಇದು ಇಡೀ ಪ್ರಪಂಚದ ವಿದ್ಯುತ್ ಬಳಕೆಯ ನೂರಕ್ಕೆ ಒಂದೂವರೆ ಪಾಲು. ಹೀಗೆ ಬಳಸಿದ ವಿದ್ಯುತ್ತು ಕಟ್ಟಕಡೆಗೆ ಶಾಖವಾಗುತ್ತದೆ. ಅದನ್ನು ಆರಿಸಲು ಮತ್ತೆ ವಿದ್ಯುತ್ತು ಬೇಕು. ಅನೇಕ ಕಡೆಗಳಲ್ಲಿ ನೀರೂ ಬೇಕು. ನಿತ್ಯವೂ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ, 2018ರಿಂದೀಚೆಗೆ ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಆ ಕೆರೆಗಳನ್ನು ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಇನ್ನು ಉಪಗ್ರಹದ ಪಾಡು ಬೇರೆ. ಸುತ್ತಲೂ ಗಾಳಿಯಿಲ್ಲ, ನೀರಿಲ್ಲ. ಒಳಗೆ ಹುಟ್ಟಿದ ಶಾಖವೆಲ್ಲ ವಿಕಿರಣವಾಗಿ ಹೊರಹೊಮ್ಮಿದರೆ ಮಾತ್ರ ಬಿಡುಗಡೆ. ಹೀಗಿರಲು ಕಡಿಮೆ ಶಾಖದಲ್ಲಿ ಸಮಾಚಾರವನ್ನು ಒಯ್ಯುವ ದಾರಿಯನ್ನು ಹುಡುಕುವುದು ವಿದ್ವಾಂಸರ ಹವ್ಯಾಸ ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ.

ಬುಗುರಿಯ ನಡತೆ

ಹಳ್ಳಿಯ ಹುಡುಗರು ಬುಗುರಿ ಆಡಿಸುವುದನ್ನು ವಾಚಕರು ನೋಡಿಯೇ ಇರುತ್ತೀರಿ. ರಭಸದಿಂದ ತಿರುಗುವ ಬುಗುರಿ ಓರೆಯಾದಾಗ ತಟ್ಟನೆ ಬೀಳುವುದಿಲ್ಲ. ಅದರ ಅಕ್ಷವು ಓರೆಯಾಗಿಯೇ ಇದ್ದು, ನೆಟ್ಟಗಿನ ರೇಖೆಯ ಸುತ್ತ ಮೆಲ್ಲಮೆಲ್ಲನೆ ಪ್ರದಕ್ಷಿಣೆ ಮಾಡುತ್ತದೆ. ಕೆಡವಲು ಎಳೆಯುವ ಬಲವೇ ಅದನ್ನು ಸುತ್ತುವಂತೆ ಮಾಡುತ್ತದೆ. ಸ್ಪಿನ್ ತರಂಗದ ರಹಸ್ಯವೆಲ್ಲ ಈ ಪ್ರದಕ್ಷಿಣೆಯಲ್ಲಿ ಅಡಗಿದೆ.

ಎಲೆಕ್ಟ್ರಾನಿಗೆ ವಿದ್ಯುದಾವೇಶವಿರುವುದು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೊಂದು ಗುಣವೂ ಇದೆಯೆಂದು 1925ರಲ್ಲಿ ಹಾಲೆಂಡಿನ ಊಲೆನ್‌ಬೆಕ್ ಮತ್ತು ಗೌಡ್ಸ್‌ಮಿಟ್ ಎಂಬ ಇಬ್ಬರು ತರುಣರು ಸೂಚಿಸಿದರು. ಅದೇ ಸ್ಪಿನ್, ಕನ್ನಡದಲ್ಲಿ ಗಿರಕಿ ಎನ್ನಬಹುದು. ಎಲೆಕ್ಟ್ರಾನೆಂಬುದು ನಿಜವಾಗಿ ಒಂದು ಗುಂಡು, ಅದು ಗರಗರನೆ ತಿರುಗುತ್ತಿದೆ ಎಂದು ಮಾತ್ರ ಭಾವಿಸಬಾರದು. ತಿರುಗುವ ವಸ್ತುವಿಗಿರುವ ಭ್ರಮಣ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ, ಅದರೊಡನೆ ಪುಟ್ಟ ಅಯಸ್ಕಾಂತದ ಗುಣವೂ ಇದೆ ಎಂದಷ್ಟೆ ಅರ್ಥ. ಈ ಎರಡು ಗುಣಗಳೂ ಒಟ್ಟಿಗೆ ಇರುವುದರಿಂದ ಎಲೆಕ್ಟ್ರಾನನ್ನು ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದು ಬುಗುರಿಯಂತೆಯೇ ನಡೆದುಕೊಳ್ಳುತ್ತದೆ. ಕ್ಷೇತ್ರದ ದಿಕ್ಕಿಗೆ ಓರೆಯಾಗಿದ್ದರೆ ಆ ದಿಕ್ಕಿನ ಸುತ್ತ ಪ್ರದಕ್ಷಿಣೆ ಹಾಕುತ್ತದೆ.

ಎಷ್ಟು ವೇಗದಿಂದ? ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಒಂದು ಟೆಸ್ಲಾದ ಇಪ್ಪತ್ತೈದು ಸಾವಿರದಲ್ಲಿ ಸುಮಾರು ಒಂದು ಪಾಲು. ಇಷ್ಟು ದುರ್ಬಲವಾದ ಕ್ಷೇತ್ರದಲ್ಲಿಯೂ ಎಲೆಕ್ಟ್ರಾನಿನ ಗಿರಕಿ ಸೆಕೆಂಡಿಗೆ ಸುಮಾರು 11 ಲಕ್ಷ ಪ್ರದಕ್ಷಿಣೆಗಳನ್ನು ಮಾಡುತ್ತದೆ. ಒಂದು ಟೆಸ್ಲಾದ ಹತ್ತನೆಯ ಒಂದು ಪಾಲಿನ ಕ್ಷೇತ್ರವನ್ನು ಒಡ್ಡಿದರೆ ಆ ಸಂಖ್ಯೆ 280 ಕೋಟಿಗೆ ಏರುತ್ತದೆ. ಇಂದಿನ ಗಣಕಯಂತ್ರಗಳ ಗಡಿಯಾರ ಮಿಡಿಯುವುದೂ ಹೆಚ್ಚುಕಡಿಮೆ ಇದೇ ವೇಗದಲ್ಲಿ ಎಂಬುದನ್ನು ಗಮನಿಸಬೇಕು.

ನೆರೆಯ ಕಟ್ಟು

ಈ ಪಾಠವನ್ನು ತರಗತಿಯಲ್ಲಿ ಹೇಳುವಾಗ ನಾವು ರಾಗಿಯ ಹೊಲದ ಉಪಮೆಯನ್ನು ಕೊಟ್ಟಿದ್ದೆವು. ವೇಮಗಲ್ಲಿನ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ತೆನೆಯನ್ನು ಬಗ್ಗಿಸೋದು ಗಾಳಿ ಸಾರ್, ಪಕ್ಕದ ತೆನೆಯಲ್ಲ. ಗಾಳಿ ನಿಂತರೆ ಅಲೆಯೂ ನಿಲ್ಲುತ್ತೆ” ಎಂದನು. ಹೊಲದಲ್ಲಿ ನಿಂತು ಕಂಡವನ ಮಾತು, ಅದರಲ್ಲಿ ತಪ್ಪಿಲ್ಲ. ನಿಜವಾದ ಅಲೆ ಹುಟ್ಟಬೇಕಾದರೆ ಒಂದು ತೆನೆ ಬಾಗಿದಾಗ ಪಕ್ಕದ ತೆನೆ ತಾನಾಗಿ ಬಾಗುವಂತೆ ಅವೆರಡಕ್ಕೂ ಒಂದು ಕಟ್ಟು ಇರಬೇಕು. ರಾಗಿಯಲ್ಲಿ ಇಲ್ಲದ ಆ ಕಟ್ಟು ಕಬ್ಬಿಣದಲ್ಲಿ ಇದೆ.

ಅದನ್ನು ತೋರಿಸಲು ನಾವು ಪ್ರಯೋಗಶಾಲೆಯ ಮೇಜಿನ ಮೇಲೆ ಹನ್ನೆರಡು ದಿಕ್ಸೂಚಿಗಳನ್ನು ಒತ್ತಾಗಿ ಒಂದು ಸಾಲಿನಲ್ಲಿ ಇಟ್ಟೆವು. ಮುಳ್ಳುಗಳೆಲ್ಲ ಸಾಲಿನ ಗುಂಟ ಒಂದರ ಹಿಂದೆ ಒಂದು ನಿಂತುವು. ಮೊದಲನೆಯ ಮುಳ್ಳನ್ನು ಒಂದು ಚಿಕ್ಕ ಕಾಂತದಿಂದ ಅಲುಗಿಸಿದೊಡನೆ ಎರಡನೆಯದು, ಮೂರನೆಯದು ಎಂದು ಅಲುಗಾಟ ಸಾಲಿನುದ್ದಕ್ಕೂ ಹರಿಯಿತು. ವಾಚಕರು ಐದಾರು ದಿಕ್ಸೂಚಿಗಳಿಂದಲೇ ಇದನ್ನು ಮಾಡಿ ನೋಡಬಹುದು. ದಿಕ್ಸೂಚಿಯ ಮುಳ್ಳಿಗೆ ಬುಗುರಿಯ ಗುಣವಿಲ್ಲದುದರಿಂದ ಅದು ಅತ್ತಿತ್ತ ತೂಗುತ್ತದೆಯೇ ಹೊರತು ಪ್ರದಕ್ಷಿಣೆ ಹಾಕುವುದಿಲ್ಲ. ಅಷ್ಟು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಕಬ್ಬಿಣದ ಪರಮಾಣುಗಳ ನಡುವಣ ಕಟ್ಟು ಮಾತ್ರ ದಿಕ್ಸೂಚಿಗಳ ನಡುವಣ ಕಟ್ಟಿನಂತಹುದಲ್ಲ. ಪರಮಾಣುಗಳ ಕಾಂತಬಲವನ್ನೇ ನಂಬಿದ್ದರೆ ಪರಮ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮೇಲೇರುವಷ್ಟರಲ್ಲಿಯೇ ಶಾಖದ ಕುಲುಕಾಟಕ್ಕೆ ಸಾಲು ಕೆಟ್ಟುಹೋಗುತ್ತಿತ್ತು. ಆದರೆ ಕಬ್ಬಿಣವು ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನವರೆಗೂ ತನ್ನ ಕಾಂತತ್ವವನ್ನು ಬಿಟ್ಟುಕೊಡುವುದಿಲ್ಲ. ಈ ಒಗಟನ್ನು 1928ರಲ್ಲಿ ಜರ್ಮನಿಯ ಹೈಸನ್‌ಬರ್ಗ್ ಬಿಡಿಸಿದನು. ನೆರೆಯ ಎಲೆಕ್ಟ್ರಾನುಗಳು ಪರಸ್ಪರ ಸ್ಥಾನವನ್ನು ಅದಲುಬದಲು ಮಾಡಿಕೊಳ್ಳಬಲ್ಲವೆಂಬ ಕ್ವಾಂಟಮ್ ನಿಯಮವೂ, ಅವುಗಳ ನಡುವಣ ವಿದ್ಯುತ್ ವಿಕರ್ಷಣೆಯೂ ಕೂಡಿ, ಗಿರಕಿಗಳು ಒಂದೇ ದಿಕ್ಕಿಗೆ ನಿಂತರೆ ಶಕ್ತಿಯ ವೆಚ್ಚ ಕಡಿಮೆಯಾಗುವಂತೆ ಮಾಡುತ್ತವೆ. ಇದಕ್ಕೆ ವಿನಿಮಯ ಬಲವೆಂದು ಹೆಸರು. ತುಂಬ ಹತ್ತಿರದ ನೆರೆಯವರಿಗೆ ಮಾತ್ರ ತಟ್ಟುವ ಈ ಬಲವು ಬಹು ಬಿಗಿಯಾದುದು.

ಅಲೆಯ ಜನನ

ಈಗ ಸಾಲಾಗಿ ನಿಂತ ಅಸಂಖ್ಯ ಬುಗುರಿಗಳನ್ನೂ, ಒಂದೊಂದನ್ನೂ ನೆರೆಯದಕ್ಕೆ ಬಿಗಿದ ಕಾಣದ ಸ್ಪ್ರಿಂಗುಗಳನ್ನೂ ಕಲ್ಪಿಸಿಕೊಳ್ಳಿರಿ. ಒಂದು ಬುಗುರಿಯನ್ನು ಕೊಂಚ ಓರೆ ಮಾಡಿದರೆ ಅದು ಪ್ರದಕ್ಷಿಣೆ ತೊಡಗುತ್ತದೆ. ನೆರೆಯದು ಅದನ್ನು ಹಿಂಬಾಲಿಸುತ್ತದೆ, ಆದರೆ ಕೊಂಚ ತಡವಾಗಿ. ಅದರ ನೆರೆಯದು ಇನ್ನೂ ಕೊಂಚ ತಡವಾಗಿ. ಬುಗುರಿಗಳ ತುದಿಗಳನ್ನು ಒಂದು ರೇಖೆಯಿಂದ ಕೂಡಿಸಿದರೆ ಆ ರೇಖೆ ಸುರುಳಿಯಾಗಿ ಮುಂದೆ ಸರಿಯುತ್ತಿರುವುದು ಕಾಣುತ್ತದೆ. ಇದೇ ಸ್ಪಿನ್ ತರಂಗ. ಯಾವ ಪರಮಾಣುವೂ ತನ್ನ ಸ್ಥಾನವನ್ನು ಬಿಟ್ಟಿಲ್ಲ. ಯಾವ ಎಲೆಕ್ಟ್ರಾನೂ ತಂತಿಯಲ್ಲಿ ಹರಿದಂತೆ ಹರಿದಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫೆಲಿಕ್ಸ್ ಬ್ಲಾಕ್ 1930ರಲ್ಲಿ ಈ ಅಲೆಯನ್ನು ಕಾಗದದ ಮೇಲೆ ಕಂಡುಹಿಡಿದನು. ಕಾಂತವನ್ನು ಬಿಸಿ ಮಾಡಿದಾಗ ಅದರ ಬಲ ಕುಗ್ಗುವುದಷ್ಟೆ? ಶಾಖದಿಂದ ಅಲ್ಲೊಂದು ಇಲ್ಲೊಂದು ಗಿರಕಿ ತಲೆಕೆಳಗಾಗುತ್ತದೆ ಎಂದು ಎಣಿಸಿದರೆ ಕುಗ್ಗುವಿಕೆಯ ಲೆಕ್ಕ ಸರಿಹೋಗುವುದಿಲ್ಲ. ತಲೆಕೆಳಗಾಗುವ ಹೊರೆಯನ್ನು ಒಂದೇ ಪರಮಾಣು ಹೊರದೆ ಎಲ್ಲ ಪರಮಾಣುಗಳೂ ಸಮನಾಗಿ ಹಂಚಿಕೊಂಡು, ಪ್ರತಿಯೊಂದೂ ಕಿಂಚಿತ್ತು ಓರೆಯಾಗಿ ಅಲೆಯಾಗುತ್ತವೆ ಎಂದು ಬ್ಲಾಕ್ ತೋರಿಸಿದನು. ಒಂದು ಗಿರಕಿ ಮಗುಚಿದಷ್ಟರ ಅಲೆಯ ಒಂದು ಪಾಲಿಗೆ ಮ್ಯಾಗ್ನಾನ್ ಎಂದು ಹೆಸರಾಯಿತು. ಬೆಳಕಿಗೆ ಫೋಟಾನು ಹೇಗೋ ಸ್ಪಿನ್ ತರಂಗಕ್ಕೆ ಮ್ಯಾಗ್ನಾನು ಹಾಗೆ. ನಮ್ಮ ಸತ್ಯೇಂದ್ರನಾಥ ಬೋಸರು 1924ರಲ್ಲಿ ಫೋಟಾನುಗಳಿಗಾಗಿ ಬರೆದ ಎಣಿಕೆಯ ನಿಯಮವೇ ಇವಕ್ಕೂ ಅನ್ವಯಿಸುತ್ತದೆ. ಆ ನಿಯಮವು ಮುನ್ನುಡಿದಂತೆ ಅಸಂಖ್ಯ ಮ್ಯಾಗ್ನಾನುಗಳು ಒಂದೇ ಸ್ಥಿತಿಯಲ್ಲಿ ಬಂದು ನೆರೆಯುವುದನ್ನು 2006ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ, ಸಾಮಾನ್ಯ ಕೋಣೆಯ ಶಾಖದಲ್ಲಿಯೇ, ಕಂಡರು.

ಕಾಗದದ ಮೇಲಿನ ಅಲೆಯನ್ನು ಪ್ರಯೋಗದಲ್ಲಿ ಹಿಡಿದವರಲ್ಲಿ ಕೆನಡಾದ ಬ್ರಾಕ್‌ಹೌಸ್ ಮುಖ್ಯನು. 1957ರಲ್ಲಿ ಅವನು ಮ್ಯಾಗ್ನಟೈಟ್ ಎಂಬ ಅದಿರಿನ ಹರಳಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಅವು ಎಷ್ಟು ಶಕ್ತಿಯನ್ನು ಕಳೆದುಕೊಂಡು ಅಥವಾ ಗಳಿಸಿಕೊಂಡು ಹೊರಬರುತ್ತವೆಂಬುದನ್ನು ಅಳೆದು, ಒಳಗಣ ಅಲೆಗಳನ್ನು ಗುರುತಿಸಿದನು. ಮ್ಯಾಗ್ನಟೈಟ್ ನಮಗೆ ದೂರದ ವಸ್ತುವಲ್ಲ. 2005ರ ಕೊನೆಯಲ್ಲಿ ಗಣಿ ಮುಚ್ಚುವವರೆಗೆ ಕುದುರೆಮುಖದಿಂದ ಮಂಗಳೂರಿಗೆ ಕೊಳವೆಯಲ್ಲಿ ಹರಿದುಬರುತ್ತಿದ್ದುದು ಇದೇ ಅದಿರು. ನ್ಯೂಟ್ರಾನಿನಂತೆ ಬೆಳಕಿನಿಂದಲೂ ಈ ಅಲೆಗಳನ್ನು ನೋಡಬಹುದು. 1928ರ ಫೆಬ್ರವರಿಯಲ್ಲಿ ರಾಮನ್ನರು ಅಣುಗಳ ಕಂಪನದಿಂದ ಚದರಿದ ಬೆಳಕಿನ ಬಣ್ಣ ಬದಲಾಗುವುದನ್ನು ಕಂಡರಷ್ಟೆ? ಅದರ ಸೋದರನೆನ್ನಬಹುದಾದ ಬ್ರಿಲ್ವಾನ್ ಚದರಿಕೆಯಲ್ಲಿ ಬೆಳಕು ಸ್ಪಿನ್ ತರಂಗಕ್ಕೆ ತಾಗಿ ಚದರಿ, ಆ ಅಲೆಯ ಕಂಪನಸಂಖ್ಯೆಯಷ್ಟೆ ತನ್ನ ಕಂಪನಸಂಖ್ಯೆಯನ್ನು ಬದಲಿಸಿಕೊಂಡು ಬರುತ್ತದೆ. ಇಂದು ಸ್ಪಿನ್ ತರಂಗಗಳ ನಕ್ಷೆ ತೆಗೆಯುವ ಪ್ರಯೋಗಶಾಲೆಗಳ ನೆಚ್ಚಿನ ಕಣ್ಣು ಇದೇ. ನಮ್ಮ ದೇಶದಲ್ಲಿ ಕಲ್ಕತ್ತೆಯ ಸತ್ಯೇಂದ್ರನಾಥ ಬೋಸ್ ಕೇಂದ್ರದವರು ಲೇಸರಿನ ಅತಿ ಕ್ಷಣಿಕವಾದ ಮಿಂಚುಗಳಿಂದ ಈ ಅಲೆಗಳನ್ನು ಬೆನ್ನಟ್ಟಿ ಅಭ್ಯಾಸ ಮಾಡುತ್ತಿದ್ದಾರೆ.

ಕಿರಿದಾದ ಅಲೆಯ ಹಿರಿಮೆ

ಸಮಾಚಾರವನ್ನು ಅಲೆಯ ಮೂಲಕ ಕಳುಹುವುದು ಹೊಸದೇನಲ್ಲ. ರೇಡಿಯೋ ಅದನ್ನೇ ಮಾಡುತ್ತದೆ, ಗಾಜಿನ ಎಳೆಯಲ್ಲಿ ಹರಿಯುವ ಬೆಳಕು ಸಮುದ್ರಗಳಾಚೆಗೆ ಅದನ್ನೇ ಮಾಡುತ್ತದೆ. ಹಾಗಾದರೆ ಬಿಲ್ಲೆಯೊಳಗೆ ರೇಡಿಯೋ ಅಲೆಯನ್ನೇ ಏಕೆ ಬಳಸಬಾರದು? ಅಡ್ಡಿಯಾಗುವುದು ಅಲೆಯ ಉದ್ದ. ಸೆಕೆಂಡಿಗೆ ಸಾವಿರ ಕೋಟಿ ಸಲ ಕಂಪಿಸುವ ರೇಡಿಯೋ ಅಲೆಯ ಉದ್ದ ಮೂರು ಸೆಂಟಿಮೀಟರು. ಅಂತಹ ಅಲೆಯನ್ನು ಅದಕ್ಕಿಂತ ತೀರ ಕಿರಿದಾದ ಓಣಿಯಲ್ಲಿ ಹಿಡಿದು ತಿರುಗಿಸುವುದು ಕಷ್ಟ. ಗಾಜಿನ ಎಳೆಯ ಬೆಳಕಿನ ಅಲೆಯೂ ಸುಮಾರು ಒಂದೂವರೆ ಸಾವಿರ ನ್ಯಾನೊಮೀಟರು ಉದ್ದ. ಬಿಲ್ಲೆಯ ತಂತಿಗಳೋ ಹತ್ತಾರು ನ್ಯಾನೊಮೀಟರು ಅಗಲ. ಅದೇ ಸಾವಿರ ಕೋಟಿ ಕಂಪನಗಳ ಸ್ಪಿನ್ ತರಂಗವನ್ನು ನೂರು ನ್ಯಾನೊಮೀಟರಿಗಿಂತಲೂ ಕಡಿಮೆ ಉದ್ದಕ್ಕೆ ಇಳಿಸಬಹುದು. ರೇಡಿಯೋದ ವೇಗದ ಮಿಡಿತ, ಆದರೆ ಅದರ ಲಕ್ಷಾಂತರ ಪಾಲಿಗೆ ಕುಗ್ಗಿದ ಗಾತ್ರ! ಸ್ಪಿನ್ ತರಂಗದ ಕಡೆಗೆ ಜನರ ಮನಸ್ಸು ತಿರುಗಲು ಇದು ಮುಖ್ಯ ಕಾರಣ.

ಅಲೆ ಬಹುಕಾಲ ಬಾಳಬೇಕಾದರೆ ಅದು ಹರಿಯುವ ಮಾಧ್ಯಮವೂ ತಕ್ಕುದಾಗಿರಬೇಕು. ಕಬ್ಬಿಣ ಮತ್ತು ನಿಕ್ಕಲಿನ ಮಿಶ್ರಲೋಹದಲ್ಲಿ ಓರೆಯಾದ ಗಿರಕಿ ಸುಮಾರು ಇಪ್ಪತ್ತು ಪ್ರದಕ್ಷಿಣೆಗಳನ್ನು ಮುಗಿಸುವಷ್ಟರಲ್ಲಿ ಸೋತು ನೆಟ್ಟಗಾಗಿಬಿಡುತ್ತದೆ. ಲೋಹದಲ್ಲಿ ಅಂಡಲೆಯುವ ಎಲೆಕ್ಟ್ರಾನುಗಳು ಅದರ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ಇದಕ್ಕೆ ಪರಿಹಾರವಾಗಿ ಒದಗಿದುದು 1956ರಲ್ಲಿ ಫ್ರಾನ್ಸಿನ ಬೆರ್ತೊ ಮತ್ತು ಫೊರಾ ಎಂಬವರು ಪ್ರಕಟಿಸಿದ ಒಂದು ಹರಳು. ಮೂರು ಇಟ್ರಿಯಮ್, ಐದು ಕಬ್ಬಿಣ, ಹನ್ನೆರಡು ಆಮ್ಲಜನಕದ ಪರಮಾಣುಗಳು ಕೂಡಿದ ಇದಕ್ಕೆ ಇಟ್ರಿಯಮ್ ಕಬ್ಬಿಣದ ಗಾರ್ನೆಟ್ ಎಂದು ಹೆಸರು, ಬಳಕೆಯಲ್ಲಿ ‘ಯಿಗ್’. ನಮ್ಮ ನವರತ್ನಗಳಲ್ಲಿ ಒಂದಾದ ಗೋಮೇಧಿಕವೂ ಗಾರ್ನೆಟ್ ಕುಲದ್ದೇ. ಪರಮಾಣುಗಳ ಜೋಡಣೆಯ ಮಾದರಿ ಎರಡರಲ್ಲಿಯೂ ಒಂದೇ. ಯಿಗ್ಗಿನ ಐದು ಕಬ್ಬಿಣಗಳಲ್ಲಿ ಮೂರರ ಗಿರಕಿಗಳು ಒಂದು ದಿಕ್ಕಿಗೂ ಎರಡರವು ಎದುರು ದಿಕ್ಕಿಗೂ ನಿಂತು, ಉಳಿದ ಒಂದರ ಪಾಲು ಹೊರಗೆ ಕಾಂತತ್ವವಾಗಿ ತೋರುತ್ತದೆ. ಯಿಗ್ ವಿದ್ಯುತ್ತಿಗೆ ಅವಾಹಕ. ಶಕ್ತಿಯನ್ನು ಕಸಿಯುವ ಅಲೆಮಾರಿ ಎಲೆಕ್ಟ್ರಾನುಗಳು ಅದರಲ್ಲಿಲ್ಲ. ಒಳ್ಳೆಯ ಯಿಗ್ ಹರಳಿನಲ್ಲಿ ಗಿರಕಿ ಸೋಲುವ ಮುನ್ನ ಸಾವಿರಾರು ಪ್ರದಕ್ಷಿಣೆಗಳನ್ನು ಮುಗಿಸುತ್ತದೆ. ಅಲೆ ಮಿಲಿಮೀಟರುಗಳ ದೂರವನ್ನು ದಾಟುತ್ತದೆ; ಬಿಲ್ಲೆಯ ಅಳತೆಗೆ ಇದು ದೇಶಾಂತರ ಯಾತ್ರೆಯೇ ಸರಿ.

ಬರೆಯುವುದು, ಓದುವುದು, ಕೂಡಿಸುವುದು

ಓಲೆಕಾರನಿಗೆ ಓಲೆಯನ್ನು ಕೊಡುವುದು ಹೇಗೆ? ಸರಳವಾದ ದಾರಿಯೆಂದರೆ ಯಿಗ್ ಪಟ್ಟಿಯ ಮೇಲೆ ಒಂದು ಸಣ್ಣ ತಂತಿಯನ್ನು ಅಡ್ಡಲಾಗಿ ಹಾಯಿಸಿ ಅದರಲ್ಲಿ ಅತಿವೇಗದ ಪರ್ಯಾಯ ಪ್ರವಾಹವನ್ನು ಬಿಡುವುದು. ತಂತಿಯ ಸುತ್ತ ಅಲ್ಲಾಡುವ ಕಾಂತಕ್ಷೇತ್ರವು ಕೆಳಗಣ ಗಿರಕಿಗಳನ್ನು ಕುಲುಕಿ ಅಲೆ ಎಬ್ಬಿಸುತ್ತದೆ. ಪಟ್ಟಿಯ ಮತ್ತೊಂದು ತುದಿಯಲ್ಲಿ ಇಂತಹದೇ ತಂತಿಯಲ್ಲಿ ಅಲೆಯು ವಿದ್ಯುತ್ತನ್ನು ಪ್ರೇರಿಸುತ್ತದೆ. ಇನ್ನೊಂದು ದಾರಿಯನ್ನು 2010ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಕಜಿವಾರ, ಸೈತೊ ಮೊದಲಾದವರು ತೋರಿಸಿದರು. ಪ್ಲಾಟಿನಮ್ಮಿನ ತೆಳುಪಟ್ಟಿಯಲ್ಲಿ ಪ್ರವಾಹ ಹರಿಸಿದರೆ ಮೇಲ್ಮೊಗದ ಗಿರಕಿಯ ಎಲೆಕ್ಟ್ರಾನುಗಳು ಒಂದು ಪಕ್ಕಕ್ಕೂ ಕೆಳಮೊಗದವು ಇನ್ನೊಂದು ಪಕ್ಕಕ್ಕೂ ಸರಿಯುತ್ತವೆ. ಅಂಚಿಗೆ ಬಂದ ಗಿರಕಿಗಳು ಕೆಳಗಿರುವ ಯಿಗ್ಗಿನ ಗಿರಕಿಗಳಿಗೆ ತಮ್ಮ ಭ್ರಮಣವನ್ನು ಒಪ್ಪಿಸುತ್ತವೆ. ಹೀಗೆ ಒಂದು ಪ್ಲಾಟಿನಮ್ ಪಟ್ಟಿಯಿಂದ ಹೊರಟ ಸಂಕೇತವು, ವಿದ್ಯುತ್ತು ಹರಿಯಲಾರದ ಹರಳಿನಲ್ಲಿ ಅಲೆಯಾಗಿ ಒಂದು ಮಿಲಿಮೀಟರು ದಾಟಿ, ಎರಡನೆಯ ಪ್ಲಾಟಿನಮ್ ಪಟ್ಟಿಯಲ್ಲಿ ಮತ್ತೆ ವಿದ್ಯುತ್ತಾಗಿ ಹೊರಬಂದಿತು.

ಅಲೆಗೆ ಇನ್ನೊಂದು ಅನುಕೂಲವಿದೆ. ಕೆರೆಯಲ್ಲಿ ಎರಡು ಕಲ್ಲುಗಳನ್ನೆಸೆದರೆ ಅಲೆಗಳು ಕೂಡುವೆಡೆಯಲ್ಲಿ ಉಬ್ಬಿಗೆ ಉಬ್ಬು ಸೇರಿ ಇಮ್ಮಡಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಎರಡೂ ಅಡಗುತ್ತವೆ. ಈ ಕೂಡಿಕೆಯೇ ಗಣಿತವನ್ನು ಮಾಡಿಕೊಡುತ್ತದೆ. ಉಬ್ಬು ಮೊದಲಾಗಿ ಬರುವ ಅಲೆ ‘ಸೊನ್ನೆ’, ತಗ್ಗು ಮೊದಲಾಗಿ ಬರುವ ಅಲೆ ‘ಒಂದು’ ಎಂದು ಗೊತ್ತು ಮಾಡೋಣ. ಮೂರು ಓಣಿಗಳಿಂದ ಮೂರು ಅಲೆಗಳು ಬಂದು ಒಂದೇ ಬೀದಿಯನ್ನು ಸೇರಲಿ. ಎರಡು ‘ಒಂದು’ ಬಂದು ಒಂದು ‘ಸೊನ್ನೆ’ ಬಂದರೆ, ಸೊನ್ನೆಯು ಒಂದು ಅಲೆಯನ್ನು ಅಡಗಿಸಿ ತಾನೂ ಅಡಗುತ್ತದೆ. ಉಳಿದ ‘ಒಂದು’ ಹೊರಗೆ ಬರುತ್ತದೆ. ಮೂವರು ಪಂಚರಲ್ಲಿ ಇಬ್ಬರ ಮಾತು ನಿಂತಂತಾಯಿತು. ಇಂತಹ ರಚನೆಗೆ ಬಹುಮತದ ದ್ವಾರವೆನ್ನಬಹುದು. ಮೂವರಲ್ಲಿ ಒಬ್ಬನನ್ನು ಸದಾ ‘ಸೊನ್ನೆ’ ಎನ್ನುವಂತೆ ಕಟ್ಟಿಹಾಕಿದರೆ, ಉಳಿದಿಬ್ಬರೂ ‘ಒಂದು’ ಎಂದಾಗ ಮಾತ್ರ ತೀರ್ಪು ‘ಒಂದು’. ಅವನನ್ನು ಸದಾ ‘ಒಂದು’ ಎನ್ನುವಂತೆ ಮಾಡಿದರೆ, ಉಳಿದಿಬ್ಬರಲ್ಲಿ ಯಾರೊಬ್ಬರು ‘ಒಂದು’ ಎಂದರೂ ತೀರ್ಪು ‘ಒಂದು’. ಗಣಕದ ತರ್ಕಕ್ಕೆ ಬೇಕಾದ ಎರಡು ಮುಖ್ಯ ಕ್ರಿಯೆಗಳು ಒಂದೇ ದ್ವಾರದಿಂದ ದೊರೆತುವು. ಟ್ರಾನ್ಸಿಸ್ಟರುಗಳಿಂದ ಬಹುಮತದ ತೀರ್ಪನ್ನು ಪಡೆಯಲು ಅವುಗಳನ್ನು ಹಲವಾರು ಸಂಖ್ಯೆಯಲ್ಲಿ ಜೋಡಿಸಬೇಕು. ಇಲ್ಲಿ ಅಲೆಗಳ ಸಂಗಮವೇ ತೀರ್ಪು. ಜರ್ಮನಿಯ ಕೈಸರ್ಸ್‌ಲೌಟರ್ನಿನ ವಿಜ್ಞಾನಿಗಳು ಯಿಗ್ ಪಟ್ಟಿಯಿಂದ ಇಂತಹ ದ್ವಾರವನ್ನು 2017ರಲ್ಲಿ ಮಾಡಿ ತೋರಿಸಿದರು. ಅದಕ್ಕೆ ಮೊದಲೇ, 2014ರಲ್ಲಿ, ಒಂದು ಮ್ಯಾಗ್ನಾನ್ ಪ್ರವಾಹದಿಂದ ಇನ್ನೊಂದು ಮ್ಯಾಗ್ನಾನ್ ಪ್ರವಾಹವನ್ನು ತಡೆಯುವ ಮ್ಯಾಗ್ನಾನ್ ಟ್ರಾನ್ಸಿಸ್ಟರೂ ಅಲ್ಲಿಯೇ ಸಿದ್ಧವಾಗಿತ್ತು. ಇದಲ್ಲದೆ ಬೇರೆ ಬೇರೆ ಕಂಪನಸಂಖ್ಯೆಯ ಅಲೆಗಳನ್ನು, ಬೇರೆ ಬೇರೆ ಆಕಾಶವಾಣಿ ನಿಲಯಗಳಂತೆ, ಒಂದೇ ಪಟ್ಟಿಯಲ್ಲಿ ಏಕಕಾಲದಲ್ಲಿ ಕಳುಹಿಸಬಹುದು.

ದಾರಿಯ ಮುಳ್ಳುಗಳು

ಇಷ್ಟನ್ನು ಕೇಳಿದ ಬಳಿಕ ಅದೇ ವಿದ್ಯಾರ್ಥಿ ಇನ್ನೊಂದು ಪ್ರಶ್ನೆ ಹಾಕಿದನು: “ಅಲೆ ಅಡಗಿದ ಮೇಲೆ ಅದರ ಶಕ್ತಿ ಎಲ್ಲಿಗೆ ಹೋಗುತ್ತೆ ಸಾರ್? ಅದೂ ಶಾಖವೇ ತಾನೆ?” ಹೌದು, ಅದೂ ಶಾಖವೇ. ಸುಂಕವನ್ನು ಪೂರ್ತಿ ತಪ್ಪಿಸುವ ದಾರಿ ಪ್ರಕೃತಿಯಲ್ಲಿ ಇಲ್ಲ, ಕಡಿಮೆ ಮಾಡಿಕೊಳ್ಳಬಹುದು. ಆ ಲೆಕ್ಕವನ್ನೂ ಎಚ್ಚರದಿಂದ ಮಾಡಬೇಕು. ಸೆಕೆಂಡಿಗೆ 500 ಕೋಟಿ ಕಂಪನಗಳ ಒಂದು ಮ್ಯಾಗ್ನಾನಿನ ಶಕ್ತಿ, ಕೋಣೆಯ ಶಾಖದಲ್ಲಿ ಒಂದು ಪರಮಾಣು ನಡುಗುವ ಶಕ್ತಿಯ ಸಾವಿರದಲ್ಲಿ ಸುಮಾರು ಒಂದು ಪಾಲು ಮಾತ್ರ. ಇದನ್ನು ಕೇಳಿದೊಡನೆ ವೆಚ್ಚ ಬಹಳ ಅಗ್ಗವಾಯಿತೆಂದು ಹಿಗ್ಗುವಂತಿಲ್ಲ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದು. ಶಾಖದ ಗದ್ದಲವನ್ನು ಮೀರಿ ಕೇಳಿಸಬೇಕಾದರೆ ಒಂದು ಸಂಕೇತಕ್ಕೆ ಸಾವಿರಾರು ಮ್ಯಾಗ್ನಾನುಗಳಾದರೂ ಬೇಕು.

ಇದಕ್ಕಿಂತ ದೊಡ್ಡ ತೊಡಕು ಎರಡು ತುದಿಗಳಲ್ಲಿ ಇದೆ. ಇಂದಿನ ಯಂತ್ರಗಳೆಲ್ಲ ವಿದ್ಯುತ್ತಿನ ಭಾಷೆಯನ್ನು ಆಡುವುದರಿಂದ ವಿದ್ಯುತ್ತನ್ನು ಅಲೆಯಾಗಿಯೂ, ಅಲೆಯನ್ನು ವಿದ್ಯುತ್ತಾಗಿಯೂ ಮಾರ್ಪಡಿಸಬೇಕು. ಮಾರ್ಪಾಡಿನಲ್ಲಿ ಶಕ್ತಿಯ ಬಹುಪಾಲು ಸೋರಿಹೋಗುತ್ತದೆ. ಓದುವ ತುದಿಯಲ್ಲಿ ದೊರೆಯುವ ವೋಲ್ಟೇಜೂ ಅತ್ಯಲ್ಪ. ನಡುದಾರಿಯಲ್ಲಿ ಉಳಿಸಿದ ಹಣವನ್ನು ಎರಡು ತುದಿಗಳ ದಲ್ಲಾಳಿಗಳಿಗೆ ತೆತ್ತಂತೆ. ಟೊಮೇಟೊ ಬೆಳೆದು ಮಂಡಿಗೆ ಒಯ್ಯುವ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದುದರಿಂದ ಅಲೆಯ ಭಾಷೆಯಲ್ಲಿಯೇ ಹಲವು ಲೆಕ್ಕಗಳನ್ನು ಒಂದರ ಮೇಲೊಂದು ಮುಗಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ವಿದ್ಯುತ್ತಿಗೆ ತಿರುಗಿಸುವುದು ಜಾಣತನ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಿರಿದಾದ ಎರಡು ಯಿಗ್ ಓಣಿಗಳನ್ನು ಒತ್ತಾಗಿ ಇಟ್ಟು, ಅಲೆಯು ತನ್ನ ಬಲಕ್ಕೆ ತಕ್ಕಂತೆ ಈ ಓಣಿಯಲ್ಲಿ ಅಥವಾ ಆ ಓಣಿಯಲ್ಲಿ ಹೊರಬರುವಂತೆ ಮಾಡಿದ್ದಾರೆ. ಅಲೆಯೇ ಅಲೆಗೆ ದಾರಿ ತೋರುವ ಇಂತಹ ಸಂಧಿಗಳೇ ಆ ಜಾಣತನದ ಮೊದಲ ಮೆಟ್ಟಿಲು.

ವೇಗದ ಮಾತೂ ಇದೆ. ಸ್ಪಿನ್ ತರಂಗವು ಸೆಕೆಂಡಿಗೆ ಒಂದು ಕಿಲೋಮೀಟರಿನಿಂದ ಕೆಲವು ಹತ್ತು ಕಿಲೋಮೀಟರುಗಳವರೆಗೆ ಸಾಗುತ್ತದೆ. ಬೆಳಕಿನ ವೇಗಕ್ಕೆ ಇದು ಎಲ್ಲಿಯ ಸಮ? ಮಾರುದೂರಕ್ಕೆ ಅದು ತಕ್ಕ ಓಲೆಕಾರನಲ್ಲ, ಕೂದಲೆಳೆಯ ಅಗಲದ ದೂರಕ್ಕೆ ಮಾತ್ರ ತಕ್ಕವನು. ಇನ್ನು ಯಿಗ್ಗಿನ ಉತ್ತಮ ಪದರಗಳು ಬೆಳೆಯುವುದು ಅದೇ ಕುಲದ ಗ್ಯಾಡೋಲಿನಿಯಮ್ ಗ್ಯಾಲಿಯಮ್ ಗಾರ್ನೆಟ್ಟಿನ ಹರಳಿನ ಮೇಲೆ. ಗಣಕದ ಬಿಲ್ಲೆಗಳೋ ಸಿಲಿಕಾನಿನವು. ಯಿಗ್ಗನ್ನು ಸಿಲಿಕಾನಿನ ಮೇಲೆ ಅಷ್ಟೇ ಅಚ್ಚುಕಟ್ಟಾಗಿ ಬೆಳೆಸುವ ಕಲೆ ಇನ್ನೂ ಕೈವಶವಾಗಬೇಕಾಗಿದೆ.

ಇವೆಲ್ಲವನ್ನೂ ತೂಗಿ ನೋಡಿದರೆ, ಸ್ಪಿನ್ ತರಂಗವು ಬಂದು ತಂತಿಯನ್ನು ಓಡಿಸಿಬಿಡುವುದೆಂದು ಹೇಳುವುದು ಅವಸರದ ಮಾತಾದೀತು. ಯಿಗ್ ಈಗಾಗಲೇ ಹಲವು ದಶಕಗಳಿಂದ ಸೂಕ್ಷ್ಮತರಂಗದ ಉಪಕರಣಗಳಲ್ಲಿ, ಬೇಕಾದ ಕಂಪನಸಂಖ್ಯೆಯನ್ನು ಆಯ್ದುಕೊಡುವ ಶೋಧಕವಾಗಿ, ಸದ್ದಿಲ್ಲದೆ ದುಡಿಯುತ್ತಿದೆ. ಮುಂದೆಯೂ ಅದು ಮೊದಲು ಕಾಲಿಡುವುದು ಇಂತಹ ವಿಶೇಷ ಕೆಲಸಗಳಲ್ಲಿಯೇ ಎಂದು ನಮಗೆ ತೋರುತ್ತದೆ: ಅನೇಕ ಸಂಕೇತಗಳಿಂದ ಒಂದನ್ನು ಹೆಕ್ಕುವುದು, ಅಲೆಗಳನ್ನು ಕೂಡಿಸಿ ಮಾದರಿಯನ್ನು ಗುರುತಿಸುವುದು ಮೊದಲಾದುವು. ಬಹುಪಾಲು ಕೆಲಸ ತಂತಿಯಲ್ಲಿಯೇ ಉಳಿದೀತು. ಆದರೆ ಬಹುಸಲ ನಡೆಯುವ ಲೆಕ್ಕದ ಒಂದು ಭಾಗವಾದರೂ ಅಲೆಯ ಪಾಲಿಗೆ ಬಂದರೆ, ತುಂಬಿ ಚೆಲ್ಲುವ ಕೊಡಗಳಲ್ಲಿ ಅಷ್ಟು ಉಳಿಯಿತು.

ಅಯಸ್ಕಾಂತವನ್ನು ಮನುಷ್ಯನು ಬಹುಕಾಲದಿಂದ ಬಲ್ಲನು. ದಿಕ್ಕು ತೋರಿಸಲು ಅದನ್ನು ಬಳಸಿದನು, ಭಾರ ಎತ್ತಲು ಬಳಸಿದನು, ವಿದ್ಯುತ್ತನ್ನು ಹುಟ್ಟಿಸಲು ಬಳಸಿದನು, ನೆನಪನ್ನು ದಾಖಲಿಸಿಡಲೂ ಬಳಸಿದನು. ಇಷ್ಟು ಕಾಲವೂ ಅದರ ಒಳಗೆ, ಯಾರೂ ಕೈಯಿಡದಿದ್ದಾಗಲೂ, ಶಾಖದಿಂದ ಎದ್ದ ಈ ಅಲೆಗಳು ಹಾಯುತ್ತಲೇ ಇದ್ದುವು. ಅವುಗಳಿಗೆ ನಮ್ಮ ಮಾತನ್ನು ಹೇಳಿಕೊಡುವ ಕೆಲಸ ಈಗಷ್ಟೆ ಮೊದಲಾಗಿದೆ. ಮುಂದಿನ ಸುಗ್ಗಿಯ ಹೊತ್ತಿಗೆ ಮುಗಿಯುವ ಕೆಲಸವಲ್ಲ ಇದು. ಆದರೂ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ದಿಕ್ಸೂಚಿಗಳನ್ನು ಪೆಟ್ಟಿಗೆಗೆ ತುಂಬುವ ಮುನ್ನ ಮತ್ತೊಮ್ಮೆ ಸಾಲಾಗಿ ಇಟ್ಟು, ಕೊನೆಯ ಮುಳ್ಳು ಅಲುಗುವುದನ್ನೇ ನೋಡುತ್ತ ನಿಂತಿದ್ದನು.